ಗಂಡನ ಹೆಸರಿನ ಒಡಪು ಮತ್ತು ತಪಾಸಣೆಯ ಸರದಿ

ಸಂಚಾರಿ ಸ್ತ್ರೀ ತಪಾಸಣಾ ಕಚೇರಿ
ಮೊಕ್ಕಾಂ: ಶಾಲೆಯ ಪಡಸಾಲೆ, ಮೈಂದರ್ಗಿ, ತಾಲೂಕು ಅಕ್ಕಲಕೋಟ, ಜಿಲ್ಲೆ ಸೊಲ್ಲಾಪುರ

ಸುತ್ತೋಲೆ ಕ್ರಮಾಂಕ: ತಪಾಸಣೆ/ಒಡಪು/೭/೧೯೫೭

ವಿಷಯ: ಗರ್ಭಕೋಶದ ಬಾಯಿಯ ತಪಾಸಣೆಗೆ ಬರುವ ಹೆಂಗಸರು ಹಾಕುವ ಒಡಪಿನ ಉದ್ದವನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: ೧) ಹಳೆಯ ಕಥೆ (ಮೌಖಿಕ). ೨) ಹನ್ನೂರಿನ ಪುತಳಾಬಾಯಿಯವರ ದೂರು (ಅದೂ ಮೌಖಿಕ, ಆದರೆ ಜೋರಾಗಿ).

ಪ್ರಸ್ತಾವನೆ:

ಒಂದಾನೊಂದು ಊರಿನಲ್ಲಿ ಒಬ್ಬ ರಾಣಿ ಇದ್ದಳು. ಅವಳ ಅರಮನೆಯ ಒಳಕೋಣೆಗೆ ಒಂದು ಇರುವೆ ಹೊಕ್ಕಿತು. ಆಗಲೇ ದೀಪ ಹಿಡಿದು ನೋಡಿದ್ದರೆ ಚಿಟಿಕೆಯಲ್ಲಿ ಎತ್ತಿ ಹೊರಗೆ ಹಾಕಬಹುದಿತ್ತು. ನಾಚಿಕೊಂಡು ಯಾರೂ ನೋಡಲಿಲ್ಲ. ಬಾಗಿಲು ತೆರೆದಾಗ ಇರುವೆ ಆನೆಯಾಗಿ ಕುಳಿತಿತ್ತು. ಸದರಿ ಕಥೆಯನ್ನು ಕಚೇರಿಯು ಒಪ್ಪಿರುತ್ತದೆ. ಇರುವೆಯು ಆನೆಯಾದ ಬಗ್ಗೆ ಪಶುವೈದ್ಯ ಶಾಖೆಯ ಅಭಿಪ್ರಾಯ ಬರುವುದು ಬಾಕಿ ಇದೆ.

ಅದೇ ರೀತಿ ಗರ್ಭಕೋಶದ ಬಾಯಿಯಲ್ಲಿ ಕೇಡು ಹುಟ್ಟುವ ಮುನ್ನವೇ ನೋಡಲು, ಲೇಡಿ ಡಾಕ್ಟರರು ಕಟ್ಟಿಗೆಯ ಕಡ್ಡಿಯಿಂದ ಅಲ್ಲಿಯ ಲೋಳೆಯನ್ನು ತುಸು ತೆಗೆದು, ಗಾಜಿನ ಪಟ್ಟಿಗೆ ಸವರಿ, ಸೊಲ್ಲಾಪುರಕ್ಕೆ ಕಳಿಸುತ್ತಾರೆ. ಕೆಲಸ ಕ್ಷಣದ್ದು. ಆದರೆ ಗುಮಾಸ್ತ ಧೂಳಪ್ಪನವರು ಅದಕ್ಕೂ ಮೊದಲು ಗಂಡನ ಹೆಸರು ಕೇಳುತ್ತಾರೆ. ಈ ಸೀಮೆಯಲ್ಲಿ ಹೆಂಡತಿಯು ಗಂಡನ ಹೆಸರನ್ನು ಬರಿದಾಗಿ ನುಡಿಯುವುದಿಲ್ಲ. ಪ್ರಾಸ ಕಟ್ಟಿ, ಅದರೊಳಗೆ ಹೆಸರು ಕೂಡಿಸಿ, ಒಡಪು ಹಾಕುತ್ತಾಳೆ.

ಮೊದಲ ಶಿಬಿರದಲ್ಲಿ ಕಿರಾಣಿ ಅಂಗಡಿಯವರ ಮನೆಯ ದ್ರೌಪದಿಬಾಯಿಯವರು ಒಲೆ ಹಚ್ಚುವಲ್ಲಿಂದ ಒಡಪು ಆರಂಭಿಸಿದರು. ಹೂರಣ ರುಬ್ಬುವ ಹೊತ್ತಿಗೆ ಮಧ್ಯಾಹ್ನವಾಯಿತು. ಒಡಪಿನೊಳಗಿನ ಗಂಡ ಕೈತೊಳೆದು ಮಣೆಯ ಮೇಲೆ ಕುಳಿತು, ಅವನ ಹೆಸರು ಬರುವಷ್ಟರಲ್ಲಿ ಕೊನೆಯ ಬಸ್ಸು ಲೇಡಿ ಡಾಕ್ಟರರನ್ನು ಹತ್ತಿಸಿಕೊಂಡು ಹೊರಟುಹೋಗಿತ್ತು.

ಎರಡನೆಯ ಶಿಬಿರದಲ್ಲಿ ಗಂಡಂದಿರೇ ಬಂದು ಹೆಸರು ಹೇಳತಕ್ಕದ್ದೆಂದು ಆದೇಶಿಸಲಾಯಿತು. ಪುತಳಾಬಾಯಿಯವರ ಗಂಡ ಸೈದಪ್ಪನವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳಿದರು. ಹೆಂಡತಿಯ ಹೆಸರು ಕೇಳಿದಾಗ, "ನಾಕ ಮಂದ್ಯಾಗ ಅದನ್ಹೆಂಗ ಹೇಳಲ್ರೀ ಸಾಹೇಬ್ರ? ನಮ್ಮ ಮನಿಯಾಕಿ, ಅಷ್ಟ ಬರಕೋರಿ" ಎಂದು ನಾಚಿದರು. ಧೂಳಪ್ಪನವರು ಸಿಕ್ಕ ಹೆಸರನ್ನೇ ಬರೆದುಕೊಂಡ ಕಾರಣ, ಗರ್ಭಕೋಶದ ತಪಾಸಣೆಗೆ ಸೈದಪ್ಪನವರನ್ನು ಕೂಗಲಾಯಿತು. ಅವರು ಹೊಲದ ಕಡೆಗೆ ಓಡಿದವರು ಮರಳಿ ಬಂದಿಲ್ಲ. ಚೀಟಿ ಅವರ ಹೆಸರಿನಲ್ಲಿದ್ದುದರಿಂದ ಹೆಂಡತಿಯನ್ನು ಒಳಗೆ ಬಿಡಲಾಗಲಿಲ್ಲ.

ಆಗ ಪುತಳಾಬಾಯಿಯವರು ಲೇಡಿ ಡಾಕ್ಟರರಿಗೆ, "ತಿಂಗಳದ್ದು ಮುಗದ ಮ್ಯಾಲೂ ರಗತ ಹೋಗತೈತ್ರೀ ಬಾಯಿ. ಎರಡ ಸಲ ಬಂದೀನಿ. ಇವರ ಹೆಸರಿನ ಸಲುವಾಗಿ ನಾ ಸಾಯಬೇಕೇನ್ರಿ?" ಎಂದು ಕೇಳಿರುತ್ತಾರೆ. ಸದರಿ ಪ್ರಶ್ನೆಗೆ ಉತ್ತರವಾಗಿ ಈ ಕೆಳಗಿನಂತೆ ಈ ಮೂಲಕ ಸೂಚಿಸಲಾಗಿದೆ:

೧. ಒಡಪು ಎರಡು ಸಾಲು ಮೀರತಕ್ಕದ್ದಲ್ಲ. ರೊಟ್ಟಿ ಬೆಂದ ಮೇಲಿನಿಂದ ಆರಂಭಿಸತಕ್ಕದ್ದು. ಜೋಳ ಬಿತ್ತುವಲ್ಲಿಂದ ಆರಂಭಿಸಿದವರನ್ನು ಮುಂದಿನ ಸುಗ್ಗಿಗೆ ಕರೆಯಲಾಗುವುದು.

೨. ಕೇಳುವವರು "ಇನ್ನೊಂದು ಆಗಲಿ" ಎನ್ನತಕ್ಕದ್ದಲ್ಲ. ಧೂಳಪ್ಪನವರು ತಲೆದೂಗತಕ್ಕದ್ದಲ್ಲ.

೩. ಗಾಜಿನ ಪಟ್ಟಿಯಲ್ಲಿ ಸೊಸೆಯ ಮನಸ್ಸು ಕಾಣುವುದಿಲ್ಲ. "ನನ್ನ ಬಗ್ಗೆ ಏನರ ಕಂಡತೇನ್ರಿ?" ಎಂದು ಅತ್ತೆಯಂದಿರು ಬಾಗಿಲು ಬಡಿಯತಕ್ಕದ್ದಲ್ಲ. ಬಡಿದ ಅತ್ತೆಯನ್ನೂ ಒಳಗೆ ಕರೆದು ತಪಾಸಣೆ ಮಾಡಲಾಗುವುದು. ಈ ಕಲಮಿನಿಂದಾಗಿ ಅತ್ತೆಯಂದಿರ ಹಾಜರಿ ಹೆಚ್ಚಿದಲ್ಲಿ ಕಚೇರಿಗೆ ಅಡ್ಡಿಯಿಲ್ಲ.

೪. ಸರದಿಯಲ್ಲಿದ್ದ ಅಕ್ಕನಾಗಮ್ಮನವರು, "ನನಗೇನೂ ನೋವಿಲ್ಲವ್ವಾ, ಯಾಕ ತೋರಿಸಲಿ?" ಎಂದು ಕೇಳಿರುತ್ತಾರೆ. ನೋವಿಲ್ಲದಾಗಲೇ ತೋರಿಸತಕ್ಕದ್ದು. ನೋವಿಲ್ಲವೆಂದು ವಾದಿಸುವವರಿಗೆ ಪ್ರತ್ಯೇಕ ಸಾಲು, ಅದು ಮುಂದಿರುತ್ತದೆ.

೫. ಗಂಡಸರು ಬೇವಿನ ಮರದಾಚೆ ನಿಲ್ಲತಕ್ಕದ್ದು. ಮರವು ಚಿಕ್ಕದಿದ್ದಲ್ಲಿ ಬೆಳೆಯುವವರೆಗೆ ಮನೆಯಲ್ಲಿರತಕ್ಕದ್ದು.

೬. ಈ ಸುತ್ತೋಲೆಯನ್ನು ಪೂರ್ತಿ ಓದಿ, ಹರಕತ್ತು, ಅಂದರೆ ತಕರಾರುಗಳನ್ನು ಆಲಿಸಿ, ಅವನ್ನು ತಳ್ಳಿಹಾಕುವವರೆಗೆ ಯಾರನ್ನೂ ಒಳಗೆ ಬಿಡತಕ್ಕದ್ದಲ್ಲ.

ಅನುಪಾಲನಾ ವರದಿ:

ಮೂರನೆಯ ಶಿಬಿರದಲ್ಲಿ ಧೂಳಪ್ಪನವರು ಮೇಲಿನ ಕಲಮುಗಳನ್ನು ಓದುತ್ತಿದ್ದರು. ಬೇವಿನ ಮರದ ವಯಸ್ಸಿನ ಬಗ್ಗೆ ಚರ್ಚೆ ಎದ್ದು ಹೊತ್ತು ಇಳಿಯತೊಡಗಿತು. ಬಸ್ಸಿನ ಹಾರ್ನು ಕೇಳಿಸಿತು. ಪುತಳಾಬಾಯಿಯವರು ಎದ್ದು ನಿಂತು, ಸೆರಗು ಬಿಗಿದು, ಯಾರನ್ನೂ ನೋಡದೆ ನುಡಿದರು:

"ಕಡಕ ರೊಟ್ಟಿ ಮುರದೆ, ಖಾರಬ್ಯಾಳಿ ಸುರದೆ,
ಬಸ್ಸ ಹೊಂಟತ್ರೀ ಬಾಯಿ, ಸೈದಪ್ಪನ ಹೆಸರ ಕರದೆ!"

ಪಡಸಾಲೆಯೆಲ್ಲ "ಇನ್ನೊಂದು ಆಗಲಿ!" ಎಂದಿತು. ಧೂಳಪ್ಪನವರು ತಲೆದೂಗಿದರು. ಲೇಡಿ ಡಾಕ್ಟರರು ಪುತಳಾಬಾಯಿಯವರನ್ನು ಕೈಹಿಡಿದು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ದ್ರೌಪದಿಬಾಯಿಯವರು ಹೋಗಿ ಬಸ್ಸಿನ ಮುಂದೆ ನಿಂತು, ಡ್ರೈವರನಿಗೆ ಒಲೆ ಹಚ್ಚುವಲ್ಲಿಂದ ಆರಂಭಿಸಿದರು. ಬಸ್ಸು ನಿಂತಿತು.

ಗಾಜಿನ ಪಟ್ಟಿ ಸೊಲ್ಲಾಪುರಕ್ಕೆ ಹೋಗಿ ಉತ್ತರ ಬಂದಿದೆ. ಕೇಡು ಬೇರು ಬಿಡುವ ಮುನ್ನವೇ ಸಿಕ್ಕಿದ್ದು, ಅಲ್ಲಿಯ ದವಾಖಾನೆಯಲ್ಲಿ ಅದನ್ನು ಸುಟ್ಟು ತೆಗೆಯಲಾಗಿದೆ. ಪುತಳಾಬಾಯಿಯವರ ತಪಾಸಣೆ ಮುಗಿದಿದೆ ಎಂದು ಈ ಮೂಲಕ ದಾಖಲಿಸಲಾಗಿದೆ.

(ಸಹಿ ಇದೆ)
ಪ್ರಭಾರ ಅಧಿಕಾರಿ

ಪ್ರತಿಗಳು:
೧. ಬಸ್ಸಿನ ಡ್ರೈವರ: ತಡವಾದುದಕ್ಕೆ ಕಾರಣವೆಂದು ತೋರಿಸಲು.
೨. ಸೈದಪ್ಪ, ಹನ್ನೂರ: ತಾವು ರೋಗಿಯಲ್ಲ, ಹೊಲದಿಂದ ಮನೆಗೆ ಬರಬಹುದೆಂದು ತಿಳಿಯಲು.
೩. ಎಲ್ಲ ಅತ್ತೆಯಂದಿರು: ಕಲಮು ೩ ನೋಡಿ ಅವಶ್ಯ ಬಾಗಿಲು ಬಡಿಯಲು.
೪. ಪುತಳಾಬಾಯಿ, ಹನ್ನೂರ: ಮತ್ತೆ ತೋರಿಸಲು ವರುಷಕ್ಕೊಮ್ಮೆ ಬರತಕ್ಕದ್ದು. ಹೆಸರು ಕೇಳುವುದಿಲ್ಲ.