ಹೊನ್ನೆ ಎಣ್ಣೆಯ ನೀಲಿ ಕೈಗಳು

"ಈ ತಿಂಗಳು ಮುಗಿಯೋದ್ರೊಳಗೆ ಮಾವ ಈ ಮೆಟ್ಟಿಲನ್ನ ಓಡಿಕೊಂಡು ಹತ್ತದಿದ್ರೆ ನನ್ನ ಹೆಸರು ಬದಲಾಯಿಸಿ."

ಚಹಾದ ಲೋಟವನ್ನು ಮೇಜಿಗೆ ಕುಟ್ಟಿ ಹೀಗೆ ಘೋಷಿಸಿದವನು ಆ ಮನೆಯ ಅಳಿಯ. ಔಷಧಿ ಗಿಡಗಳ ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ. ಅಲ್ಲಿ ಎಲ್ಲರೂ ಅವನನ್ನು ಕಷಾಯ ಪಂಡಿತ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಯಾರಿಗೂ ನೆನಪಿರಲಿಲ್ಲವಾದ್ದರಿಂದ ಆ ಪಂಥದಲ್ಲಿ ಅವನು ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ. ಕಳೆದುಕೊಳ್ಳಬಹುದಾಗಿದ್ದದ್ದು ಹೊನ್ನೆಯ ಸಂಶೋಧನೆ. ಹೊನ್ನೆ ಮರದ ಚಕ್ಕೆಯ ಸಾರ ಊತ ಇಳಿಸುತ್ತದೆಂದು ಸಾಧಿಸಲು ಅವನು ವರ್ಷಗಟ್ಟಲೆ ಕೊಳವೆಗಳ ಮುಂದೆ ಕೂತಿದ್ದ. ಪ್ರಯೋಗಾಲಯದ ಮುಖ್ಯಸ್ಥೆಯ ತಾಳ್ಮೆ ಈಗ ಮುಗಿದಿತ್ತು.

"ಕೊಳವೆಯಲ್ಲಿ ಊತ ಇಳೀತು ಅಂತೀರಿ. ಗಾಜಿಗೆ ಮೊಣಕಾಲಿದೆಯೇನ್ರಿ?" ಎಂದು ಕೇಳಿದ್ದರು ಆಕೆ. "ಮನುಷ್ಯರ ಮೇಲೆ ಏನಾದ್ರೂ ಕಾಣಿಸಿದ್ರೆ ಸರಿ. ಇಲ್ಲದಿದ್ರೆ ಹೊನ್ನೆಗೆ ಇಲ್ಲಿಗೇ ಕೈಮುಗಿಯೋಣ."

ಮೊಣಕಾಲು ಮನೆಯಲ್ಲೇ ಇತ್ತು. ಮಾವ ಗ್ಯಾರೇಜಿನಲ್ಲಿ ಎಂಜಿನ್ನುಗಳ ಹೊಟ್ಟೆ ಬಗೆಯುತ್ತ ಆಯುಸ್ಸು ಕಳೆದ ಮೆಕ್ಯಾನಿಕ್. ಹೆಂಡತಿ ತೀರಿಕೊಂಡ ಮೇಲೆ ಮೊಣಕಾಲು ಊದಿಸಿಕೊಂಡು ಕೋಲು, ಕುರ್ಚಿ ಹಿಡಿದಿದ್ದರು. ಆ ಅತ್ತೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಮಹಡಿಯ ಮೇಲಿನ ಅವರ ಕೋಣೆಯನ್ನೂ ಅದರೊಳಗಿನ ಹೊಲಿಗೆ ಮಿಷನ್ನನ್ನೂ ಅಂದಿನಿಂದ ಯಾರೂ ಮುಟ್ಟಿರಲಿಲ್ಲ. ಆ ಬಾಗಿಲು ನೋಡಿದರೂ ಸಾಕು, ಪಂಡಿತನ ಹೆಂಡತಿಯ ಕಣ್ಣು ತುಂಬಿಬಿಡುತ್ತಿತ್ತು.

"ಮಾವ, ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತಲ್ಲ, ಹಾಗೇ ನಮ್ಮ ಮೈಯೂ ಒಳಗೊಳಗೇ ತುಕ್ಕು ಹಿಡಿಯುತ್ತೆ. ಅದಕ್ಕೇ ಉರಿ, ಊತ. ಹೊನ್ನೆಯಲ್ಲಿರೋ ಅಂಶ ಆ ತುಕ್ಕನ್ನೇ ತಡೆಯುತ್ತೆ," ಎಂದು ಪಂಡಿತ ಹೊನ್ನೆಯ ಸಾರ ಬೆರೆಸಿದ ಎಣ್ಣೆಯ ಬಾಟಲಿ ಎತ್ತಿ ತೋರಿಸಿದ.

ಮಾವನ ಕಣ್ಣು ಅರಳಿತು. "ತುಕ್ಕು ನಿಜವಾಗ್ಲೂ ಬಿಡುತ್ತಾ ಅಳಿಯಂದಿರೇ?"

"ಬೇರುಸಮೇತ."

"ಹಾಗಾದ್ರೆ ಬಾಟ್ಲಿ ನನ್ನ ಹತ್ರಾನೇ ಇರ್ಲಿ. ನಾನೇ ಹಚ್ಚಿಕೊಳ್ತೀನಿ."

ಬಾಟಲಿ ಬೇಗ ಬೇಗ ಖಾಲಿಯಾಗತೊಡಗಿತು. ಅದಕ್ಕಿಂತ ಬೇಗ ಮಾವನ ಊತ ಇಳಿಯತೊಡಗಿತು. ಪಂಡಿತನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಖ್ಯಸ್ಥೆಯನ್ನು ಭಾನುವಾರ ಸಂಜೆ ಮನೆಗೇ ಬರಹೇಳಿದ.

ಅಷ್ಟರಲ್ಲಿ ಮನೆಗೆ ಏನೋ ಆಗಿತ್ತು.

ಒಂದು ಮಧ್ಯಾಹ್ನ ಹೆಂಡತಿ ನಿದ್ದೆಯಿಂದೆದ್ದು ಬಿಳುಚಿದ ಮುಖದಲ್ಲಿ ಬಂದಳು. "ರೀ, ಮೇಲೆ ಮಿಷನ್ ಓಡ್ತಾ ಇದೆ."

"ಇಲಿ."

"ಇಲಿ ಪೆಡಲ್ ತುಳಿಯುತ್ತಾ?"

ಪಂಡಿತ ಕಿವಿಗೊಟ್ಟ. ಮನೆ ತಣ್ಣಗಿತ್ತು. ತಲೆಯ ಮೇಲೆ, ಮುಚ್ಚಿದ ಕೋಣೆಯೊಳಗೆ, ಕಟಕಟಕಟ ಎಂದು ಸದ್ದು ಶುರುವಾಯಿತು. ಅತ್ತೆ ಅಂಚು ಹೊಲಿಯುವಾಗ ಬರುತ್ತಿದ್ದಂಥದೇ ಸದ್ದು. ಅವನು ಮಹಡಿ ಹತ್ತುವಷ್ಟರಲ್ಲಿ, ಅಂದರೆ ಧೈರ್ಯ ತಂದುಕೊಂಡು, ಚಪ್ಪಲಿ ಹುಡುಕಿ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು ಹತ್ತುವಷ್ಟರಲ್ಲಿ, ಸದ್ದು ನಿಂತಿತ್ತು. ಬಾಗಿಲು ಮುಚ್ಚಿತ್ತು. ತಳ್ಳಿದರೆ ತೆರೆಯಿತು, ಸದ್ದಿಲ್ಲದೆ. ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ ಆ ಬಾಗಿಲು ಈಗ ಉಸಿರೂ ಬಿಡಲಿಲ್ಲ. ಒಳಗೆ ಯಾರೂ ಇರಲಿಲ್ಲ. ಮಿಷನ್ನಿನ ಚಕ್ರ ಮಾತ್ರ ತನ್ನಷ್ಟಕ್ಕೆ ತಾನು ನಿಧಾನವಾಗಿ ತಿರುಗಿ ನಿಂತಿತು.

"ಗಾಳಿ," ಎಂದ ಪಂಡಿತ. ಕಿಟಕಿಗಳೆಲ್ಲ ಮುಚ್ಚಿದ್ದವು. ಪಕ್ಕದ ಬಟ್ಟೆಯ ಬೀರುವಿನ ಹಿಂದೆ ಇಣುಕಿ ನೋಡುವ ಯೋಚನೆ ಇಬ್ಬರಿಗೂ ಬಂತು. ಇಬ್ಬರೂ ಇಣುಕಲಿಲ್ಲ.

ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಟವನು ತನ್ನ ಬಿಳಿ ಕೋಟು ತೊಟ್ಟು ಬೆಪ್ಪಾಗಿ ನಿಂತ. ಆಮ್ಲ ಬಿದ್ದು ಹರಿದು ಜೋತಾಡುತ್ತಿದ್ದ ಜೇಬು ಹೊಲಿದುಕೊಂಡಿತ್ತು.

"ಅಂತೂ ಹೊಲಿದೆಯಲ್ಲ," ಎಂದ ಹೆಂಡತಿಗೆ.

"ನಾನಾ? ನಂಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ." ಅವಳು ಜೇಬಿನ ಅಂಚನ್ನು ಬೆರಳಲ್ಲಿ ಸವರಿದಳು. "ಕೊನೇಲಿ ಎರಡು ಸಲ ಹಿಂದಕ್ಕೆ ಹೊಲಿದು ಗಂಟು ಹಾಕಿದೆ ನೋಡಿ. ಇದು ಅಮ್ಮನ ಹೊಲಿಗೆ ರೀ."

ಪಂಡಿತ ದೊಡ್ಡದಾಗಿ ನಕ್ಕ. ಪುರಾವೆ ಇಲ್ಲದೆ ತಾನು ಏನನ್ನೂ ನಂಬುವವನಲ್ಲ ಎಂದ. ಆದರೂ ಆ ದಿನವೆಲ್ಲ ಜೇಬಿಗೆ ಕೈ ಹಾಕಲಿಲ್ಲ.

ಭಾನುವಾರ ಸಂಜೆ ಮುಖ್ಯಸ್ಥೆ ಬಂದರು. ಪಂಡಿತ ಪ್ರಯೋಗಾಲಯದಿಂದ ನೇರಳೆ ದೀಪ ತಂದಿದ್ದ. ಕತ್ತಲಲ್ಲಿ ಆ ದೀಪ ಹಿಡಿದರೆ ಹೊನ್ನೆಯ ಸಾರ ತಾಗಿದ ಜಾಗವೆಲ್ಲ ನೀಲಿಯಾಗಿ ಹೊಳೆಯುತ್ತದೆ. ಮಾವನ ಮೊಣಕಾಲು ಹಬ್ಬದ ಮನೆಯಂತೆ ಬೆಳಗಿ, ಮುಖ್ಯಸ್ಥೆ ಬಾಯಿ ಬಿಟ್ಟು ನೋಡಿ, ಹೊನ್ನೆ ಉಳಿಯಬೇಕು ಎಂಬುದು ಅವನ ಯೋಜನೆ. ಪರದೆ ಎಳೆದ. ಮನೆಯ ದೀಪ ಆರಿಸಿದ. ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ಮಾವನ ಮೊಣಕಾಲಿಗೆ ನೇರಳೆ ಬೆಳಕು ಬಿಟ್ಟ.

ಮೊಣಕಾಲು ಕಪ್ಪಗಿತ್ತು.

"ಎಲ್ರೀ ನಿಮ್ಮ ಔಷಧಿ?" ಎಂದರು ಮುಖ್ಯಸ್ಥೆ.

ಪಂಡಿತ ಔಷಧಿ ಹುಡುಕುತ್ತ ದೀಪವನ್ನು ಪಕ್ಕಕ್ಕೆ ತಿರುಗಿಸಿದ. ಹೆಂಡತಿ ಅವನ ತೋಳು ಹಿಡಿದುಕೊಂಡಳು.

ಗೋಡೆಯ ಮೇಲೆ ಒಂದು ನೀಲಿ ಕೈ. ಐದೂ ಬೆರಳು ಬಿಡಿಸಿದ, ತಣ್ಣಗೆ ಹೊಳೆಯುವ ಕೈ. ಅದರಾಚೆ ಇನ್ನೊಂದು. ಮೆಟ್ಟಿಲಿನ ಕಟಕಟೆಯುದ್ದಕ್ಕೂ ಕೈಯ ಮೇಲೆ ಕೈ, ಕತ್ತಲೊಳಗೆ ಯಾರೋ ಹಿಡಿದು ಹಿಡಿದು ಮೇಲೇರಿದ ಗುರುತು.

"ಅಮ್ಮ," ಎಂದಳು ಹೆಂಡತಿ ಪಿಸುದನಿಯಲ್ಲಿ.

ನೇರಳೆ ದೀಪ ಮುಂದೆ ಚಾಚಿ, ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತಿದರು. ಚಿಲಕ ಹೊಳೆಯುತ್ತಿತ್ತು. ಬಿಜಾಗರಿಗಳು ಹೊಳೆಯುತ್ತಿದ್ದವು. ಬಾಗಿಲು ಸದ್ದಿಲ್ಲದೆ ತೆರೆಯಿತು. ಒಳಗಿನ ಕತ್ತಲಲ್ಲಿ ಮಿಷನ್ನಿನ ಚಕ್ರ, ಸರಳು, ಪೆಡಲು, ಒಂದೊಂದು ತಿರುಪೂ ನೀಲಿಯಾಗಿ ಉರಿಯುತ್ತಿತ್ತು. ಮೈಯಿಲ್ಲದ ಎಲುಬಿನ ಗೂಡೊಂದು ತಮ್ಮನ್ನೇ ಕಾಯುತ್ತ ಕೂತಂತಿತ್ತು. ಆಗ ಬೆನ್ನ ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಕೇಳಿಸಿತು. ದೀಪ ತಿರುಗಿಸಿದರೆ, ಬಾಗಿಲಲ್ಲಿ ಎರಡು ನೀಲಿ ಅಂಗೈಗಳು ಗಾಳಿಯಲ್ಲಿ ತೇಲುತ್ತಿದ್ದವು.

ಮುಖ್ಯಸ್ಥೆ ಪಂಡಿತನ ಹಿಂದೆ ಅಡಗಿದರು. ಪಂಡಿತ ಹೆಂಡತಿಯ ಹಿಂದೆ ಅಡಗಿದ. ಹೆಂಡತಿ ಹೋಗಿ ದೀಪದ ಗುಂಡಿ ಒತ್ತಿದಳು.

ಮಾವ ನಿಂತಿದ್ದರು, ಕೋಲಿಲ್ಲದೆ.

"ಸಿಕ್ಕಿಬಿದ್ದೆ ಅನ್ನಿ," ಎಂದರು. "ಅಳಿಯಂದಿರು ತುಕ್ಕು ಬಿಡಿಸುತ್ತೆ ಅಂದ್ರು. ನನಗಿಂತ ಇದಕ್ಕೇ ತುಕ್ಕು ಜಾಸ್ತಿ ಹಿಡಿದಿತ್ತು. ಬಾಟ್ಲಿ ಪೂರ್ತಿ ಇದಕ್ಕೂ ಈ ಬಾಗಿಲಿಗೂ ಹಾಕಿದೆ. ಎಂಥಾ ಎಣ್ಣೆ ಅಂತೀರಿ, ಜಾಮ್ ಆಗಿದ್ದ ಚಕ್ರ ಬೆಣ್ಣೆ ಆಯ್ತು."

"ಮತ್ತೆ ಮೊಣಕಾಲು?" ಎಂದ ಪಂಡಿತ ಕ್ಷೀಣವಾಗಿ.

"ಅದಕ್ಕೆ ಒಂದು ಹನಿಯೂ ಮುಟ್ಟಿಸಿಲ್ಲ. ಮೊದಮೊದಲು ಕೂತು ಕೂತು, ಕಟಕಟೆ ಹಿಡಿದು ಹತ್ತುತ್ತಿದ್ದೆ. ಆಮೇಲೆ ದಿನಾ ಕೂತು ಪೆಡಲ್ ತುಳಿದೆ. ತುಳೀತಾ ತುಳೀತಾ ಊತ ಇಳೀತು." ಮಾವ ಮಗಳ ಕಡೆ ತಿರುಗಿದರು. ದನಿ ತಗ್ಗಿತು. "ನಿಮ್ಮಮ್ಮ ಹೋದ ಮೇಲೆ ಈ ಸದ್ದು ಕೇಳದೆ ಮನೆ ತಿನ್ನೋಕೆ ಬರ್ತಿತ್ತು ಮಗಳೇ. ನೀನು ನೋಡಿದ್ರೆ ಅಳ್ತೀಯ ಅಂತ, ನೀನು ಮಲಗಿದ ಮೇಲೆ ಬರ್ತಿದ್ದೆ. ಮೊನ್ನೆ ನೀವು ಬಂದಾಗ ಬೀರು ಹಿಂದೆ ನಿಂತು ಉಸಿರು ಕಟ್ಟಿತ್ತು ನನಗೆ."

ಅವಳು ಅಪ್ಪನ ಜಿಡ್ಡು ಕೈಯನ್ನು ಕೆನ್ನೆಗೊತ್ತಿಕೊಂಡು ಅತ್ತಳು, ನಕ್ಕಳು. ಮುಖ್ಯಸ್ಥೆ ಬಿಜಾಗರಿಯ ಬಳಿ ಬಗ್ಗಿ ಬಾಗಿಲನ್ನು ಹಿಂದೆ ಮುಂದೆ ಆಡಿಸಿ ನೋಡಿದರು.

"ನನಗೆ ಎರಡು ಬಾಟ್ಲಿ ಕೊಡಿ," ಎಂದರು.

ಪಂಡಿತನಿಗೆ ಹೋದ ಜೀವ ಬಂತು. "ಮೊಣಕಾಲಿಗಾ ಮೇಡಂ?"

"ನಮ್ಮ ಗೇಟಿಗೆ."

ಹೊನ್ನೆಯ ಕಥೆ ಅಲ್ಲಿಗೆ ಮುಗಿಯಿತು. ಆಕೆ ಹೋದ ಮೇಲೆ ಪಂಡಿತ ಮೆಟ್ಟಿಲ ಮೇಲೆ ಮುಖ ಜೋತು ಹಾಕಿಕೊಂಡು ಕೂತ. ಮಾವನ ಮೇಲೆ ಸಿಟ್ಟಾಗಲು ನೋಡಿದ, ಆಗಲಿಲ್ಲ. ಕೊನೆಗೆ, "ಇರ್ಲಿ ಮಾವ. ನನ್ನ ಕೋಟಿನ ಜೇಬು ಹೊಲಿದುಕೊಟ್ರಲ್ಲ, ಅದಾದ್ರೂ ಲಾಭ," ಎಂದ.

"ಯಾವ ಜೇಬು?" ಎಂದರು ಮಾವ. "ನನಗೆಲ್ಲಿ ಬರುತ್ತೆ ಹೊಲಿಗೆ? ಬರೀ ತುಳೀತಿದ್ದೆ. ಆ ಮಿಷನ್ನಿಗೆ ಸೂಜಿಯೇ ಇಲ್ಲ ಅಳಿಯಂದಿರೇ. ನಿಮ್ಮತ್ತೆ ಇದ್ದಾಗಲೇ ಮುರಿದಿತ್ತು."

ಪಂಡಿತ ಕೋಟು ತಂದು ಕತ್ತಲಲ್ಲಿ ಹರಡಿ, ಜೇಬಿಗೆ ನೇರಳೆ ದೀಪ ಹಿಡಿದ. ಮಾವನ ಕೈ ತಾಗಿದ್ದರೆ ನೀಲಿ ಇರಬೇಕಿತ್ತು. ಹೊಲಿಗೆಯುದ್ದಕ್ಕೂ ಒಂದು ಚುಕ್ಕೆಯೂ ಇರಲಿಲ್ಲ.

ಮರುದಿನ ಕೆಲಸಕ್ಕೆ ಹೊರಡುವ ಮುನ್ನ ಅವನು ಯಾರೂ ಕಾಣದಂತೆ ಮಹಡಿ ಹತ್ತಿದ. ಗುಂಡಿ ಕಿತ್ತುಹೋಗಿದ್ದ ಅಂಗಿಯೊಂದನ್ನು ನೀಟಾಗಿ ಮಡಿಸಿ ಮಿಷನ್ನಿನ ಮೇಲಿಟ್ಟ. ಚಪ್ಪಲಿ ಕಳಚಿ, ಕೈಕಟ್ಟಿ ನಿಂತು, ಮೆಲ್ಲಗೆ ಹೇಳಿದ:

"ಅತ್ತೆ, ಅವಸರ ಏನೂ ಇಲ್ಲ."