ನಮ್ಮವ್ವಗೂ ಗೊತ್ತು

ರಾಮಸಮುದ್ರ, ಯಾದಗಿರಿ ತಾಲ್ಲೂಕು. ಶನಿವಾರ, 28 ಜೂನ್ 2025. ಪರೀಕ್ಷಾ ವರದಿ ಕೈಸೇರಿ ಐದು ತಿಂಗಳು ಹತ್ತೊಂಬತ್ತು ದಿನ. ಉತ್ತರ ಕೊಡಲು ಉಳಿದಿರುವುದು ಹನ್ನೊಂದು ದಿನ. ಉತ್ತರ ಹೋಗದಿದ್ದರೆ ಅರ್ಜಿಯನ್ನು ನಾವೇ ಕೈಬಿಟ್ಟೆವೆಂದು ಭಾವಿಸಲಾಗುವುದು.

ವಿದ್ಯುತ್ ಕೇಬಲ್ಲುಗಳಿಗಾಗಿ ಬೆಂಕಿ ತಡೆಯುವ ಪಾಲಿಮರ್ ಮಿಶ್ರಣ ಎಂಬ ನಮ್ಮ ಅರ್ಜಿಯನ್ನು ಓದಿದ ಪೇಟೆಂಟ್ ಪರೀಕ್ಷಕರಿಗೆ,

ಮಾನ್ಯರೇ,

ತಮಗೂ, ತಮ್ಮ ಮೇಜಿನ ಮೇಲೆ ಸರದಿ ಕಾಯುತ್ತಿರುವ ಸಮಸ್ತ ಅರ್ಜಿಗಳಿಗೂ, ವಿಶೇಷವಾಗಿ ತಮ್ಮ ತಾಯಿಯವರಿಗೂ ರಾಮಸಮುದ್ರದಿಂದ ಗೌರವಪೂರ್ವಕ ನಮಸ್ಕಾರಗಳು. ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯಬೇಕಾಗಿ ಬಂದುದಕ್ಕೆ ಕ್ಷಮೆಯಿರಲಿ. ಉತ್ತರ ಸಲ್ಲಿಸುವ ನಮೂನೆಯಲ್ಲಿ ರಸಾಯನಶಾಸ್ತ್ರಕ್ಕೆ ಜಾಗವಿದೆ, ಚಿತ್ರಗಳಿಗೆ ಜಾಗವಿದೆ, ಅತ್ತೆಯ ಬಗ್ಗೆ ಬರೆಯಲು ಮಾತ್ರ ಜಾಗವಿಲ್ಲ.

ನಾನು ಅರ್ಜಿದಾರರ ಹೆಂಡತಿ, ಯಾದಗಿರಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಮನೆಯಲ್ಲಿ ಗಂಡನನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಒಂಬತ್ತು ವರ್ಷ ‘ಇವರು’, ‘ಇಲ್ನೋಡ್ರಿ’ ಎಂದು ದಿನ ದೂಡಿದ ನನಗೆ ‘ಅರ್ಜಿದಾರರು’ ಎಂಬ ಘನವಾದ ಪದವನ್ನು ದಯಪಾಲಿಸಿದ್ದಕ್ಕೆ ಮೊದಲ ಕೃತಜ್ಞತೆ ತಮಗೇ ಸಲ್ಲಬೇಕು. ದಾಖಲೆಗಾಗಿ ಒಮ್ಮೆ ಬರೆದುಬಿಡುತ್ತೇನೆ: ಅವರ ಹೆಸರು ಹಣಮೇಶ. ಸೈದಾಪುರದ ಹತ್ತಿರ ಕಡೇಚೂರಿನ ಕೈಗಾರಿಕಾ ಪ್ರದೇಶದಲ್ಲಿ, ಕೇಬಲ್ಲಿನ ಹೊದಿಕೆಗೆ ಬೇಕಾದ ಪ್ಲಾಸ್ಟಿಕ್ ಕಾಳು ತಯಾರಿಸುವ ಒಂದು ಘಟಕದಲ್ಲಿ ಅವರಿಗೆ ಮಿಶ್ರಣದ ಹದ ನೋಡುವ ಕೆಲಸ.

ಮೂರು ವರ್ಷದ ಹಿಂದೆ ನನ್ನ ನಾದಿನಿ ಪರಿಮಳಾ ನಡೆಸುವ ಅಂಗನವಾಡಿಯಲ್ಲಿ ಗೋಡೆಯ ಮೇಲಿನ ವಾಯರು ಹೊತ್ತಿಕೊಂಡು, ಕರಗಿ, ಉರಿಯುವ ಹನಿಗಳು ಮಕ್ಕಳು ಮಲಗುವ ಚಾಪೆಯ ಮೇಲೆ ಬಿದ್ದವು. ಮಕ್ಕಳು ಆ ಹೊತ್ತಿನಲ್ಲಿ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಅರ್ಜಿದಾರರು ಚಾಪೆಯ ತೂತುಗಳಲ್ಲಿ ಬೆರಳಿಟ್ಟು ನೋಡಿದರು. ಮುಂದಿನ ಭಾನುವಾರ ಶಹಾಪುರದ ಅಕ್ಕಿ ಗಿರಣಿಯಿಂದ ಎರಡು ಚೀಲ ಭತ್ತದ ಹೊಟ್ಟಿನ ಬೂದಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಆ ಬೂದಿಯನ್ನು ಸಾಣಿಸಿ, ಒಣಗಿಸಿ, ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಜೊತೆ ಪಾಲಿಮರಿಗೆ ಬೆರೆಸಿದರು. ಮೊದಮೊದಲು ವಾಯರಿನ ಮೈಮೇಲೆ ಗುಳ್ಳೆ ಎದ್ದವು, ಆಮೇಲೆ ವಾಯರು ಮುರಿಯತೊಡಗಿತು, ನೂರ ಹದಿನೇಳನೆಯ ಸಲಕ್ಕೆ ಎರಡೂ ನಿಂತವು. ಹೈದರಾಬಾದಿನ ಪ್ರಯೋಗಾಲಯವೊಂದು ಕೊಟ್ಟ ವರದಿಯ ಪ್ರಕಾರ, ನಮ್ಮ ಹೊದಿಕೆ ಉರಿಯುತ್ತಿರಬೇಕಾದರೆ ಗಾಳಿಯಲ್ಲಿ ಶೇಕಡಾ ಮೂವತ್ತಾರರಷ್ಟು ಆಮ್ಲಜನಕ ಬೇಕು. ಯಾದಗಿರಿಯ ಗಾಳಿಯಲ್ಲಿ ಧೂಳನ್ನು ಬಿಟ್ಟರೆ ಇಪ್ಪತ್ತೊಂದು ಮಾತ್ರ ಇದೆ. ಪೇಟೆಂಟ್ ಬಂದರೆ ಇದೇ ಹೊದಿಕೆಯಲ್ಲಿ ವಾಯರು ಎಳೆಯಲು ಒಬ್ಬ ತಯಾರಕರು ಒಪ್ಪಿದ್ದಾರೆ. ಬಾರದಿದ್ದರೆ ಆ ನೂರ ಹದಿನೇಳನೆಯ ತುಂಡು ನಮ್ಮ ಕಪಾಟಿನಲ್ಲೇ ಇರುತ್ತದೆ.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಅರ್ಜಿದಾರರ ಟಿಪ್ಪಣಿ ಪುಸ್ತಕವನ್ನು ಅರ್ಜಿಗಾಗಿ ಇಂಗ್ಲಿಷಿಗೆ ಅನುವಾದಿಸಿದವಳು ನಾನು. ಬೇರೆ ದೇಶಗಳ ಕಾದಂಬರಿಗಳನ್ನು ಅನುವಾದದಲ್ಲಿ ಓದುವುದು ನನಗಿರುವ ಒಂದೇ ಚಟ. ಅನುವಾದಕರು ಮೂಲಕ್ಕೆ ಮೋಸ ಮಾಡಿದ ಜಾಗಗಳಲ್ಲಿ, ಮೂಲ ಭಾಷೆ ನನಗೆ ಬಾರದಿದ್ದರೂ, ಪೆನ್ಸಿಲಿನಿಂದ ಗೀಟು ಹಾಕುತ್ತೇನೆ. ಇಂಥವಳು ಮೂಲದ ಒಂದು ಅಕ್ಷರವನ್ನಾದರೂ ಬಿಟ್ಟಾಳೆಯೇ? ಪುಸ್ತಕದ ಮೊದಲ ಪುಟದಲ್ಲಿ ಅರ್ಜಿದಾರರು ತಮ್ಮ ಸಮಾಧಾನಕ್ಕೆಂದು ಗೀಚಿಕೊಂಡಿದ್ದರು: ‘ಸುಟ್ಟದ್ದು ಮತ್ತ ಸುಡೂದಿಲ್ಲ, ಇದು ನಮ್ಮವ್ವಗೂ ಗೊತ್ತು.’ ಇದನ್ನೂ ಅನುವಾದಿಸಿದೆ.

ಆ ‘ಅವ್ವಗೂ’ ಎಂಬಲ್ಲಿರುವ ‘ಊ’ ನಮ್ಮ ಕಡೆ ಏನು ಕೆಲಸ ಮಾಡುತ್ತದೆಂಬುದು ತಮಗೆ ತಿಳಿದಿರಲಿಕ್ಕಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ, ನಮ್ಮವ್ವಗೂ ಗೊತ್ತು. ಬಸ್ಸು ತಡವಾಗಿ ಬರುತ್ತದೆ, ನಮ್ಮವ್ವಗೂ ಗೊತ್ತು. ಇದು ಮಾತಿಗೆ ಹಾಕುವ ಒಗ್ಗರಣೆ. ಇದರಲ್ಲಿ ಯಾರ ಅವ್ವನೂ ಇರುವುದಿಲ್ಲ. ಇಂಗ್ಲಿಷಿಗೆ ಹೋಗುವಾಗ ಈ ‘ಊ’ದ ಎದುರಿಗೆ ಎರಡು ಬಾಗಿಲುಗಳಿದ್ದವು, ‘ಈವನ್’ ಮತ್ತು ‘ಆಲ್ಸೋ’. ‘ಈವನ್’ ಎಂದರೆ ಅತ್ತೆಯನ್ನು ಹಗುರ ಮಾಡಿದಂತಾಗುತ್ತದೆಂದು, ಸೊಸೆಯಾದ ನಾನು ಮರ್ಯಾದೆಯ ಬಾಗಿಲು ತೆರೆದೆ. ಹಾಗೆ ನಮ್ಮ ಅತ್ತೆ ತಿಮ್ಮವ್ವನವರು, ಬೂದಿಯ ಬೆಂಕಿ ತಡೆಯುವ ಗುಣವನ್ನು ಅರಿತ ತಜ್ಞರ ಪಟ್ಟಿಯಲ್ಲಿ ‘ಆಲ್ಸೋ’ ಆಗಿ ಸೇರಿಕೊಂಡರು.

ತಾವು ಅದನ್ನು ಓದಿದಿರಿ. ಇಡೀ ಮೂವತ್ತೊಂದು ಪುಟಗಳನ್ನು, ನನ್ನನ್ನು ಬಿಟ್ಟರೆ, ಓದಿದ ಏಕೈಕ ವ್ಯಕ್ತಿ ತಾವು. ಅನುವಾದಕರಿಗೆ ಇಂಥ ಓದುಗರು ಜನ್ಮಕ್ಕೊಬ್ಬರು ಸಿಕ್ಕರೆ ಹೆಚ್ಚು, ಅವರು ಇಷ್ಟು ಎಚ್ಚರದಿಂದ ಓದದಿದ್ದರೆ ಇನ್ನೂ ಒಳ್ಳೆಯದು. ತಮ್ಮ ವರದಿಯಲ್ಲಿ, ನಮ್ಮ ಮಿಶ್ರಣ ಹೊಸದಲ್ಲವೆಂದು ತೋರಿಸಲು ಮೂರು ಆಧಾರಗಳಿವೆ: ಒಂದು ಕೊರಿಯಾದ ಪೇಟೆಂಟ್, ಎರಡು ಜರ್ಮನಿಯ ಪೇಟೆಂಟ್, ಮೂರು ಅರ್ಜಿದಾರರ ತಾಯಿ. ‘ಅರ್ಜಿದಾರರೇ ಒಪ್ಪಿಕೊಂಡಂತೆ ಈ ಸಂಗತಿ ಅವರ ತಾಯಿಗೂ ಮೊದಲೇ ತಿಳಿದಿತ್ತು; ಆದ್ದರಿಂದ ಈ ಕಸುಬಿನಲ್ಲಿ ನುರಿತ ವ್ಯಕ್ತಿಗೆ ಇದು ತಾನಾಗಿ ಹೊಳೆಯುವಂಥದು.’ ಕೊರಿಯಾ ಮತ್ತು ಜರ್ಮನಿಗೆ ಅರ್ಜಿದಾರರು ಉತ್ತರ ಬರೆದಾಗಿದೆ; ಆ ಎರಡರಲ್ಲೂ ನಮ್ಮ ಅಳತೆಯಿಲ್ಲ. ಉಳಿದವರು ತಿಮ್ಮವ್ವನವರು.

ಅವರನ್ನು ಎರಡು ಮುಂದುವರಿದ ದೇಶಗಳ ಪಕ್ಕದಲ್ಲಿ ಕೂರಿಸಿದ್ದಕ್ಕೆ ಕುಟುಂಬದ ಪರವಾಗಿ ವಂದನೆ. ಕೆಲವು ಸಣ್ಣ ಕೋರಿಕೆಗಳಿವೆ. ಮೊದಲ ಎರಡು ಆಧಾರಗಳಿಗೆ ಸಂಖ್ಯೆ, ಪ್ರಕಟಣೆಯ ದಿನಾಂಕ, ಪುಟ, ಸಾಲುಗಳನ್ನು ಕೊಟ್ಟಿದ್ದೀರಿ. ತಿಮ್ಮವ್ವನವರು ಯಾವ ದಿನ ಪ್ರಕಟವಾದರು, ಅವರ ಎಷ್ಟನೆಯ ಪುಟವನ್ನು ತಾವು ಅವಲಂಬಿಸಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಬೇಕು. ಅವರ ಹುಟ್ಟಿದ ತಾರೀಖು ನಮ್ಮಲ್ಲೂ ಇಲ್ಲ. ತಮ್ಮಲ್ಲಿದ್ದರೆ ಆಧಾರ್ ತಿದ್ದುಪಡಿಗೂ ಒದಗುತ್ತದೆ. ‘ಕಸುಬಿನಲ್ಲಿ ನುರಿತ ವ್ಯಕ್ತಿ’ ಎಂಬುದಕ್ಕೆ ಮೊಹರು ಹಾಕಿದ ಪ್ರಮಾಣಪತ್ರವೊಂದನ್ನು ಕಳಿಸಿದರೆ ಒಲೆಯ ಮೇಲಿನ ಗೋಡೆಗೆ ತೂಗುಹಾಕುತ್ತೇವೆ. ಸಾಧ್ಯವಾದರೆ ಈ ಆಧಾರವನ್ನು ಮೂಲ ಭಾಷೆಯಲ್ಲೇ ಓದಲು ತಾವು ಒಮ್ಮೆ ರಾಮಸಮುದ್ರಕ್ಕೆ ಬರಬೇಕು. ತನ್ನನ್ನು ತಾನೇ ಜೋರಾಗಿ ಓದಿಕೊಳ್ಳುವ ಆಧಾರವಿದು, ನಡುವೆ ನಿಲ್ಲುವುದಿಲ್ಲ.

ಸಲಹೆಗಾಗಿ ನಾವು ಸುರಪುರದ ವಕೀಲರಾದ ಈಶಪ್ಪನವರ ಬಳಿಗೆ ಹೋದೆವು. ಅವರು ವರದಿಯನ್ನು ತಿರುವಿ, ಕನ್ನಡಕ ಹಣೆಗೇರಿಸಿ ಹೇಳಿದರು: “ಒಂದ ಸಾಲಿನ ಅಫಿಡವಿಟ್ ಸಾಕ್ರಿ ಅಕ್ಕೋರ. ‘ನನ್ನ ತಾಯಿಗೆ ಈ ವಿಷಯದಾಗ ಏನೂ ತಿಳಿಯಂಗಿಲ್ಲ.’ ಮಗನ ಸಹಿ, ನೋಟರಿ ಸಿಕ್ಕಾ, ಖತಂ!” ಅರ್ಜಿದಾರರು ನೆಲ ನೋಡಿದರು. ವಕೀಲರು ಇನ್ನೊಂದು ದಾರಿ ತೋರಿಸಿದರು: “ಬ್ಯಾಡೇನ್ರಿ? ಹಂಗಾರ ಗೊತ್ತಿತ್ತು, ಯಾರಿಗೂ ಹೇಳಿಲ್ಲ ಅಂತ ಬರೀರಿ. ಮನಿಯೊಳಗಿನ ಮಾತು ಪ್ರಕಟ ಆದಂಗಲ್ಲ.” ನಮ್ಮ ಜೊತೆ ಬಂದಿದ್ದ ಪರಿಮಳಾ ಇದನ್ನು ಕೇಳಿ ಸೆರಗು ಬಾಯಿಗೆ ಒತ್ತಿ ನಕ್ಕಳು. “ನಮ್ಮವ್ವ ಯಾರಿಗೂ ಹೇಳಿಲ್ಲ ಅಂದ್ರ ಕೋರ್ಟಿನ ಕುರ್ಚಿನೂ ನಗತಾವ್ರಿ ವಕೀಲ್ರ. ಆಕಿ ಬಾಯಿಗೆ ಬಿದ್ದ ಸುದ್ದಿ ಸೈದಾಪುರಕ್ಕ ರೈಲಿಗಿಂತ ಮದಲ ಮುಟ್ಟತೈತಿ.”

ಹೀಗಾಗಿ ಉಳಿದದ್ದು ಮೊದಲ ದಾರಿ. ಅಫಿಡವಿಟ್ಟಿನ ಕರಡು ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕು ದಿನ ಇತ್ತು. ತಿಮ್ಮವ್ವನವರಿಗೆ ಓದಲು ಬರುವುದಿಲ್ಲ. ಓಣಿಯಲ್ಲಿ ಓದಲು ಬರುವವರ ಕೊರತೆಯೂ ಇಲ್ಲ. ಐದನೆಯ ದಿನ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನೇ ಕೇಳಿದರು, ಮಗನನ್ನಲ್ಲ:

“ನನಗೇನೂ ತಿಳಿಯಂಗಿಲ್ಲಂತ ಸರ್ಕಾರಕ್ಕ ಬರದು ಕೊಡಾಕತ್ತಿಯಂತಲ್ಲ ಪಂಚಶೀಲಾ? ಒಂಬತ್ತು ವರ್ಷ ಮನಸಿನ್ಯಾಗ ಇಟ್ಕೊಂಡಿದ್ದಿ, ಈಗ ಸಿಕ್ಕಾ ಹೊಡಿಸಾಕತ್ತಿ.”

ಮಾನ್ಯರೇ, ಈ ಪ್ರಶ್ನೆಗೆ ತಮ್ಮ ಯಾವ ನಮೂನೆಯಲ್ಲೂ ಉತ್ತರವಿಲ್ಲ. ನಾನು ‘ಊ’ದಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಅರ್ಜಿದಾರರು ನಡುವೆ ಬಂದು, ಅವ್ವ ಬೇಕಾದರೆ ತಾನೂ ಕಂಡುಹಿಡಿದವಳೆಂದು ಹೆಸರು ಹಾಕಿಸಲಿ ಎಂದರು. ಅದಕ್ಕೆ ತಿಮ್ಮವ್ವನವರು, “ಕಂಡು ಹಿಡಿಯಾಕ ಬೂದಿ ಏನ ಕಳದಿತ್ತೇನೋ?” ಎಂದರು. ಒಲೆಯ ಮೇಲಿನ ಜಂತಿಗೆ ಬೆಂಕಿ ಹತ್ತದಂತೆ ಬೂದಿ ಕಲಸಿದ ಮಣ್ಣು ಮೆತ್ತುವುದನ್ನು ತನಗೆ ತನ್ನ ಅತ್ತೆ ತೋರಿಸಿದ್ದು, ಓಣಿಯ ಎಲ್ಲ ಮನೆಯಲ್ಲೂ ಹಾಗೇ ಮೆತ್ತುತ್ತಾರೆ ಎಂದರು. ಆಮೇಲೆ ಕಪಾಟಿನಿಂದ ಆ ವಾಯರಿನ ತುಂಡು ತರಿಸಿಕೊಂಡು, ಹಿಟ್ಟಿನ ಕೈಯಲ್ಲೇ ಬಗ್ಗಿಸಿ, ಉಗುರಿನಿಂದ ಕೆರೆದು, ಮೂಸಿ ನೋಡಿ, ತಿರುಗಿ ಕೊಟ್ಟರು.

“ನನಗ ಬೂದಿ ಗೊತ್ತು. ವಾಯರ್ ಗೊತ್ತಿಲ್ಲ. ಇಷ್ಟ ಬರಿ.”

ನಾನು ವಕೀಲರಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ಉತ್ತರಕ್ಕೆ ಇಷ್ಟು ಸಾಕೆಂದೂ, ಇದರಿಂದ ಒಂದು ನಷ್ಟವಿದೆಯೆಂದೂ ಹೇಳಿದರು. ನಮ್ಮ ಅರ್ಜಿಯಲ್ಲಿ ಹಕ್ಕು ಕೇಳಿದ್ದು ಎರಡರ ಮೇಲೆ: ಒಂದನೆಯದು, ಬೆಂಕಿ ತಡೆಯಲು ಹೊಟ್ಟಿನ ಬೂದಿಯನ್ನು ಯಾವುದೇ ರೀತಿ ಬಳಸುವುದು, ಎರಡನೆಯದು, ಕೇಬಲ್ ಹೊದಿಕೆಯಲ್ಲಿ ನೂರು ಪಾಲು ಪಾಲಿಮರಿಗೆ ಹದಿನಾಲ್ಕು ಪಾಲು ಬೂದಿ ಸೇರುವ ಆ ನಿರ್ದಿಷ್ಟ ಮಿಶ್ರಣ. ತಿಮ್ಮವ್ವನವರ ಮಾತು ಕಡತಕ್ಕೆ ಸೇರಿದರೆ ಒಂದನೆಯದನ್ನು ಹೊಡೆದುಹಾಕಬೇಕು. “ಮೂರು ವರ್ಷ ಬೂದ್ಯಾಗ ಹೊರಳ್ಯಾಡಿದಾವ ನಾನು,” ಎಂದು ಅರ್ಜಿದಾರರು ಎದ್ದು ಹೊರಗೆ ಹೋದರು. ಊಟದ ಹೊತ್ತಿಗೆ ಬಂದು, ಅವ್ವ ಬಡಿಸಿದ ರೊಟ್ಟಿ ಮುರಿಯುತ್ತ, “ಹೊಡದು ಹಾಕು” ಎಂದರು.

ಕೊರಿಯಾ, ಜರ್ಮನಿ ಮತ್ತು ನಮ್ಮ ಅಡುಗೆಮನೆಯನ್ನು ಒಂದೇ ಕಣ್ಣಿನಿಂದ ಕಂಡ ತಮ್ಮ ನಿಷ್ಪಕ್ಷಪಾತ ದೃಷ್ಟಿ ನೂರು ಕಾಲ ಬೆಳಗಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಪಂಚಶೀಲಾ
(ಅನುವಾದಕಿ, ಸೊಸೆ)

ತಾ.ಕ.: ತನ್ನ ಹೇಳಿಕೆಗೆ ಹೆಬ್ಬೆಟ್ಟು ಒತ್ತುವ ಮೊದಲು ತಮ್ಮ ವರದಿಯನ್ನು ಪೂರ್ತಿ ಕನ್ನಡದಲ್ಲಿ ಓದಿ ಹೇಳಬೇಕೆಂದು ತಿಮ್ಮವ್ವನವರು ಕೇಳಿದ್ದಾರೆ. ಹನ್ನೊಂದು ಆಕ್ಷೇಪಣೆಗಳಲ್ಲಿ ನಾಲ್ಕು ಮುಗಿದಿವೆ. ಎರಡನೆಯದೂ ನಾಲ್ಕನೆಯದೂ ಒಂದೇ ಮಾತು, ಹೊಸತೇನೂ ಇಲ್ಲ ಎಂಬುದು ಅವರ ಅಭಿಪ್ರಾಯ. ತಮ್ಮ ಗಮನಕ್ಕೆ ತರಲು ಹೇಳಿದ್ದಾರೆ. ಒಂದನೆಯ ಹಕ್ಕನ್ನು ಹೊಡೆದುಹಾಕಿ, ಅವರ ಹೇಳಿಕೆಯನ್ನು ಲಗತ್ತಿಸಿ, ಜುಲೈ ಏಳರ ಸೋಮವಾರ ಉತ್ತರ ಕಳಿಸುವುದೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿದ್ದೇವೆ. ಆ ಹಕ್ಕಿನ ಮೇಲೆ ಗೀಟು ಇನ್ನೂ ಎಳೆದಿಲ್ಲ.