ಅಡ್ಡಾದವರ ಲೆಕ್ಕ

ಹೆಂಡತಿಯ ವಯಸ್ಸು, ತೂಕ, ಹಸಿವು ಈ ಮೂರರ ಗೊಡವೆಗೆ ಹೋಗದ ಗಂಡಸು ಸುಖವಾಗಿ ಬಾಳುತ್ತಾನೆ. ಚಿತ್ತಾಪುರದ ತಹಸೀಲ್ ಕಚೇರಿಯಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುವುದು, ಮನೆಗೆ ಬಂದು ಉಣ್ಣುವುದು, ಉಂಡು ಒಂದಿಷ್ಟು ಅಡ್ಡಾಗುವುದು, ಹೀಗೆ ನಾನೂ ಬಹುಕಾಲ ಬಾಳಿದವನೇ. ಕೆಟ್ಟದ್ದು ನೀಲಮ್ಮನ ಕುಬಸ ಬಿಗಿಯಾದ ಮೇಲೆ. ಊಟ ಮೊದಲಿನಷ್ಟಿಲ್ಲ, ಮೈ ಮಾತ್ರ ಬರುತ್ತಿದೆ, ಕೂತಲ್ಲೇ ಧಗೆಯಾಗುತ್ತದೆ ಎಂದಳು. ನಾನು ದರ್ಜಿಯನ್ನು ಬೈದು ಸುಮ್ಮನಾದೆ.

ನನ್ನ ಅಕ್ಕನ ಮಗ ಚನ್ನಬಸಪ್ಪ ಸುಮ್ಮನಾಗಲಿಲ್ಲ. ಹೈದರಾಬಾದಿನಲ್ಲಿ ಡಾಕ್ಟರಿಕೆ ಓದಿ ನಮ್ಮೂರ ದವಾಖಾನೆಗೆ ಬಂದಿದ್ದ ಅವನು ನಮ್ಮ ಮನೆಯಲ್ಲೇ ಇದ್ದ. ಮನುಷ್ಯ ಏನೂ ಮಾಡದೆ ಬಿದ್ದುಕೊಂಡರೂ ಒಳಗೊಂದು ಒಲೆ ಉರಿಯುತ್ತಲೇ ಇರುತ್ತದಂತೆ. ಮುಟ್ಟು ನಿಂತ ಹೆಂಗಸರಲ್ಲಿ ಆ ಉರಿ ಇಳಿಯುತ್ತದಂತೆ. ವಯಸ್ಸು, ಎತ್ತರ, ತೂಕ ಕೊಟ್ಟರೆ ಅದನ್ನು ಅಂದಾಜು ಮಾಡುವ ಸೂತ್ರ ಪುಸ್ತಕದಲ್ಲಿದೆಯಂತೆ.

ಮುಟ್ಟು ಯಾವಾಗ ನಿಂತಿತೆಂದು ಅವನು ಕೇಳಿದ್ದು ನನ್ನನ್ನು. ಪಕ್ಕದ ಮನೆಯ ಕುಲಕರ್ಣಿಯವರಾಗಿದ್ದರೆ ಓಣಿಯೇ ಉತ್ತರ ಕೊಡುತ್ತಿತ್ತು. ಮುಟ್ಟಾದವರು ಹೊರಗೆ ಕೂಡುವ ಪದ್ಧತಿ ನಮ್ಮ ಲಿಂಗಾಯತರ ಮನೆಗಳಲ್ಲಿ ಇಲ್ಲ. ನನಗೆ ಹೇಗೆ ಗೊತ್ತಾಗಬೇಕು? ವಯಸ್ಸು ಕೇಳಿದರೆ ನೀಲಮ್ಮ, ಪ್ಲೇಗು ಬಂದಾಗ ತಾನು ಅಂಬೆಗಾಲಿಡುತ್ತಿದ್ದೆ ಎಂದಳು. ಯಾವ ಪ್ಲೇಗು ಎಂದರೆ, ಯಾವುದಾದರೂ ಹಿಡಿಯಿರಿ ಎಂದಳು. ಎತ್ತರಕ್ಕೆ ಪಡಸಾಲೆಯ ನೆಲದಲ್ಲಿ ಮಲಗಿಸಿ ನೋಡಿದೆವು. ಶಹಾಬಾದಿನ ಎರಡೂವರೆ ಫರ್ಸಿಕಲ್ಲಿನಷ್ಟು ಆದಳು. ತೂಕಕ್ಕೆ ವಾಡಿ ಸ್ಟೇಷನ್ನಿನ ಪಾರ್ಸಲ್ ತಕ್ಕಡಿಯ ಮೇಲೆ, ಬೆಲ್ಲದ ಪೆಂಟೆಗಳ ಪಕ್ಕದಲ್ಲಿ ನಿಲ್ಲಿಸಿದೆವು. ಸೊಂಟದ ಕೀಲಿಗೊಂಚಲನ್ನೂ ಎಲೆಯಡಿಕೆ ಚೀಲವನ್ನೂ ತೆಗೆಯಲು ಒಪ್ಪಲಿಲ್ಲವಾಗಿ ಅವೂ ಲೆಕ್ಕಕ್ಕೆ ಸೇರಿದವು.

ಬಂದ ಉತ್ತರವನ್ನು ಜೋಳದ ರೊಟ್ಟಿಯಲ್ಲಿ ಹೇಳು ಎಂದೆ. ಹೊತ್ತಿಗೆ ಎರಡಿದ್ದರೆ ಭಾಳ ಆಯಿತು ಎಂದ. "ಆದ್ರ ಮಾಮಾ, ಇದು..." ಎಂದು ಇನ್ನೂ ಏನೋ ಹೇಳುತ್ತಿದ್ದ. ಉತ್ತರ ಸಿಕ್ಕ ಮೇಲೆ ಕೇಳಿಸಿಕೊಳ್ಳುವ ಅಭ್ಯಾಸ ನನಗಿಲ್ಲ. ಅವನು ಕಾಲರಾ ಸೂಜಿ ಹಾಕಲು ಕಾಳಗಿ ಕಡೆಗೆ ಹೋದ. ನೀಲಮ್ಮನಿಗೆ ಹೊತ್ತಿಗೆ ಎರಡೇ ರೊಟ್ಟಿ ಎಂದು ನಾನು ಮನೆಯಲ್ಲಿ ಹುಕುಂ ಜಾರಿ ಮಾಡಿದೆ. ನೀಲಮ್ಮ ಎದುರಾಡಲಿಲ್ಲ. ಆದರೆ ಬೀಸುಕಲ್ಲು ತಿರುಗಿಸುವಾಗ ನಡುನಡುವೆ ನಿಂತು ಗೋಡೆಗೆ ಒರಗುತ್ತಿದ್ದಳು. ನೋಡಿ ನನಗೂ ಸಂಕಟವಾಯಿತು. ಪುಸ್ತಕದಲ್ಲೇ ಇದ್ದ ಮೇಲೆ ನಾನೇನು ಮಾಡಲಿ ಎಂದುಕೊಂಡೆ.

ಒಂದು ಶುಕ್ರವಾರ, ಕಚೇರಿಗೆ ರಜೆಯಿದ್ದ ದಿನ, ನೀಲಮ್ಮ ಬೆಳಗಿನ ಲಿಂಗಪೂಜೆ ಮುಗಿಸಿದವಳೇ ಮತ್ತೆ ಕೌದಿ ಹೊದ್ದು ಮಲಗಿದಳು. ಜ್ವರವೇ ಎಂದು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

"ರಾತ್ರಿ ನಿಮ್ಮ ಅಳಿಯ ಬಂದು ಪೂರಾ ತಿಳಿಸಿ ಹೇಳ್ಯಾನ್ರಿ," ಎಂದಳು. "ಅದು ಏನೂ ಮಾಡ್ದೆ ಅಡ್ಡಾದವರ ಲೆಕ್ಕ ಅಂತ. ಅಷ್ಟೇ ಉಣ್ಣು ಅಂದೀರಿ, ಅಡ್ಡಾಗೀನಿ."

ಆಮೇಲೆ ಎಮ್ಮೆ ನನ್ನನ್ನು ಒದೆಯಿತು. ಬಾವಿಯ ಹಗ್ಗ ಅಂಗೈ ಸುಲಿಯಿತು. ನಾನು ಬಡಿದ ರೊಟ್ಟಿ ಹೆಂಚಿಗೆ ಹೋಗುವ ಮುನ್ನವೇ ಹರಿಯಿತು. ಚನ್ನಬಸಪ್ಪ ಇದೆಲ್ಲವನ್ನೂ ಕಂಡೂ ಕಾಣದವನಂತೆ ದವಾಖಾನೆಗೆ ಹೋದ. ಹೊತ್ತು ಏರುವಷ್ಟರಲ್ಲಿ ಹುಕುಂ ವಾಪಸ್ ತೆಗೆದುಕೊಂಡೆ, ತಪ್ಪಾಯಿತು ಎಂದೂ ಹೇಳಿದೆ. ನೀಲಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡು ರೊಟ್ಟಿಗೆ ಕೂತಳು.

ಊಟಕ್ಕೆ ಕೂತಾಗ ಅವಳ ತಟ್ಟೆಯಲ್ಲಿ ರೊಟ್ಟಿಯ ಅಟ್ಟಿಯೇ ಇತ್ತು. ನನ್ನದರಲ್ಲಿ ಡಾಕ್ಟರರ ಅಳತೆ. ನನಗೇಕೆ ಇಷ್ಟೇ ಎಂದೆ.

"ಅಷ್ಟು ದಣದು ತಗದ ಲೆಕ್ಕ ಹಾಳಾಗ್ಬಾರ್ದಲ್ರೀ. ಈ ಮನ್ಯಾಗ ಅಡ್ಡಾಗೋರು ಮತ್ತ್ಯಾರಿದ್ದಾರ?"

ಈ ಮಾತಿಗೆ ತಕ್ಕ ಉತ್ತರ ಕೊಡಲೇಬೇಕೆಂದು ಹಟ ಬಂತು. ಬೇಗ ಬೇಗ ಉಂಡು ಕೈ ತೊಳೆದೆ. ಒಂದಿಷ್ಟು ಅಡ್ಡಾಗಿ ಯೋಚಿಸಿದರೆ ಹೊಳೆದೀತು ಎಂದು ಕೌದಿ ಹಾಸಿಕೊಂಡೆ.